ಗಾಲಿಗೆ ಕಟ್ಟಿದ ವಸ್ತ್ರ

ನಮ್ಮ ಮನೆಯವರ ವಸ್ತ್ರ ಈಗಲೂ ನನ್ನ ಹತ್ತಿರ ಇದೆ. ಹೆಗಲ ಮೇಲೆ ಹಾಕಿಕೊಳ್ಳುವ ಬಿಳಿ ವಸ್ತ್ರ, ಅಂಚಿಗೆ ಕೆಂಪು ಗೆರೆ. ಹಾನಗಲ್ಲ ಸಂತೆಯಲ್ಲಿ ನಾನೇ ಆರಿಸಿದ್ದು. ಅವರು ಕೆರೆಯ ತೂಬಿನೊಳಗೆ ಸತ್ತ ದಿನ ಅದು ತೂಬಿನ ಕಟ್ಟೆಯ ಮೇಲಿತ್ತು. ಗಾಳಿಗೆ ಹಾರಿ ಜಾಲಿಗಿಡಕ್ಕೆ ಸಿಕ್ಕಿದ್ದರೆ, ನೀರಿನಲ್ಲಿ ತೇಲುತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅದನ್ನು ಮಡಚಿ ಇಟ್ಟಿದ್ದರು. ಯಾರೋ ಗಂಟು ಬಿಚ್ಚಿ, ಜಾಡಿಸಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಹಾರಬಾರದೆಂದು ಮೇಲೊಂದು ಕಲ್ಲು ಹೇರಿದ್ದರು.

ಆ ಕೈ ಯಾರದು ಎಂದು ಅದೇ ಕೈಯವನ ಬಾಯಿಂದ ಕೇಳಬೇಕು ಅನ್ನುವುದೊಂದೇ ನನಗೆ ಆಮೇಲೆ ಉಳಿದದ್ದು. ಅದಕ್ಕೆ ಕಾರಣವಿತ್ತು. ಯಾರೂ ಬಿಚ್ಚಿಲ್ಲ ಅಂದರೆ ಸತ್ತವರೇ ಕಟ್ಟಿರಲಿಲ್ಲ ಎಂದಾಗುತ್ತದೆ. ಊರು ಹಾಗೆಯೇ ಅಂದಿತು.

ಕೆರೆ ನೋಡದವರಿಗೆ ಇದು ತಿಳಿಯುವುದಿಲ್ಲ. ನಾನೂ ಸವಣೂರಿನವಳು, ನಮ್ಮ ಓಣಿಯಲ್ಲಿ ನೀರು ಅಂದರೆ ನಳ, ನಳ ಅಂದರೆ ಜಗಳ. ಹತ್ತನೇ ಇಯತ್ತೆ ಮುಗಿಸಿ ಮದುವೆಯಾಗಿ ಹಾನಗಲ್ಲ ತಾಲೂಕಿನ ಈ ಊರಿಗೆ ಬಂದ ಮೇಲೆಯೇ ತೂಬು ಕಂಡಿದ್ದು. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಏರಿಯ ಹೊಟ್ಟೆಯೊಳಗಿಂದ ಹಾಯುವ ಕಲ್ಲಿನ ಕೊಳವೆಯೇ ತೂಬು. ನೀರಿನ ಕಡೆ ಅದರ ಬಾಯಿಗೊಂದು ಕಬ್ಬಿಣದ ಬಾಗಿಲು, ಬಾಗಿಲನ್ನು ಎತ್ತಲು ಮೇಲಿನ ಕಟ್ಟೆಯಲ್ಲಿ ಒಂದು ಗಾಲಿ. ಕೊಳವೆಯಲ್ಲಿ ಕೆಸರು, ಬೇರು ತುಂಬಿದಾಗ ಒಬ್ಬ ಮನುಷ್ಯ ಗದ್ದೆಯ ಕಡೆಯಿಂದ ತೆವಳಿಕೊಂಡು ಒಳಗೆ ಹೋಗಬೇಕು. ಗಾಲಿಯ ಹತ್ತಿರ ನಿಂತವರಿಗೆ ಅವನು ಕಾಣುವುದಿಲ್ಲ. ಕೂಗಿದರೂ ಕೇಳುವುದಿಲ್ಲ.

ಅದಕ್ಕೇ ಇಳಿಯುವವನು ಮೊದಲು ಏರಿ ಹತ್ತಿ ತನ್ನ ವಸ್ತ್ರವನ್ನು ಗಾಲಿಗೆ ಗಂಟು ಹಾಕಿ ಬರುತ್ತಿದ್ದ. ಹೊರಗೆ ಬಂದ ಮೇಲೆ ತಾನೇ ಹೋಗಿ ಬಿಚ್ಚುತ್ತಿದ್ದ. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ಹೆಂಡತಿಯೂ ಮುಟ್ಟುವಂತಿರಲಿಲ್ಲ.

ನಮ್ಮ ಮಾವ ಊರಿನ ನೀರಗಂಟಿಯಾಗಿದ್ದರು. ಕೆರೆಯ ನೀರನ್ನು ಬಿಡುವವರು, ತಡೆಯುವವರು, ಹಂಚುವವರು ಅವರೊಬ್ಬರೇ. ನೀರು ಬರದಿದ್ದರೆ ಊರಿಗೆ ಊರೇ ನಮ್ಮ ಮನೆಯ ಮುಂದೆ ನಿಂತು ಅವರ ಅಪ್ಪ, ಅಜ್ಜರನ್ನೆಲ್ಲ ಎತ್ತಿ ಬೈಯುತ್ತಿತ್ತು. ಮಾವ ಒಳಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಬೈಲಿ ಬಿಡವಾ, ಬೈಯಾಕ ಅವ್ರಿಗೂ ಒಬ್ಬಾಂವ ಬೇಕಲ್ಲ," ಅನ್ನುತ್ತಿದ್ದರು.

ನಾನು ಹೊಸ ಸೊಸೆಯಾಗಿದ್ದಾಗ ಒಮ್ಮೆ ಮಾವ ತೂಬಿನ ಕೆಸರು ಬಳಿದು ತೆಗೆದು, ಹೊರಗೆ ಬಂದು, ವಸ್ತ್ರ ಬಿಚ್ಚುವುದನ್ನು ಮರೆತು ಮನೆಗೆ ಬಂದು ಮಲಗಿಬಿಟ್ಟರು. ಅವರು ಓಣಿಯಲ್ಲಿ ಬಂದದ್ದನ್ನು ಅರ್ಧ ಊರು ನೋಡಿತ್ತು. ಒಳಗೆ ಯಾರೂ ಇಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಹತ್ತಾರು ಗಂಡಸರು ಗಾಲಿಯ ಸುತ್ತ ಬೀಡಿ ಸೇದುತ್ತ ಕುಳಿತರೇ ಹೊರತು ಒಬ್ಬರೂ ಗಂಟಿಗೆ ಕೈ ಹಚ್ಚಲಿಲ್ಲ. ಕಡೆಗೆ ಒಬ್ಬರು ನಮ್ಮ ಮನೆಯ ತನಕ ನಡೆದು ಬಂದು ಬಾಗಿಲು ಬಡಿದರು. "ಏಳೋ ಮಾರಾಯಾ! ನಿನ್ನ ವಸ್ತ್ರ ಕೆರಿ ಕಾಯಾಕತ್ತೈತಿ, ಗದ್ದಿ ಒಣಗಾಕತ್ತಾವ. ಬಂದು ಬಿಚ್ಚು." ಮಾವ ಕಣ್ಣು ತಿಕ್ಕುತ್ತ ಹೋದರು. ವರ್ಷಗಟ್ಟಲೆ ಊರು ಈ ಮಾತು ಹೇಳಿ ನಕ್ಕಿತು. ನಮ್ಮ ಮೈದುನ, ಅಂದರೆ ನಮ್ಮ ಮನೆಯವರ ತಮ್ಮ, ಅಪ್ಪನ ಹಾಗೆ ತೂಕಡಿಸುತ್ತ ನಡೆದು ತೋರಿಸಿ ನಗಿಸುತ್ತಿದ್ದ.

ಮಾವ ತೀರಿಕೊಂಡ ಮೇಲೆ ಕೆರೆಗೆ ಸಂಘ ಬಂತು. ಅಧ್ಯಕ್ಷರು, ಕಾರ್ಯದರ್ಶಿ, ಅವರ ಕೆಳಗೆ ಗೇಟು ಸಮಿತಿ, ಕಾಲುವೆ ಸಮಿತಿ, ಹಂಚಿಕೆ ಸಮಿತಿ. ಗಾಲಿಗೆ ಸರಪಳಿ ಬಿಗಿದು ಇಲಾಖೆಯ ಕೀಲಿ ಹಾಕಿದರು. ಕೀಲಿಕೈ ಗುತ್ತಿಗೆಯ ಆಪರೇಟರ್ ಒಬ್ಬನ ಹತ್ತಿರ. ಅವನು ಹಿರೇಕೆರೂರು ತಾಲೂಕಿನವನು, ಮಾಸೂರಿನ ಕಡೆಯವನು. ಬೈಕಿನ ಮೇಲೆ ನಾಲ್ಕಾರು ಕೆರೆ ಸುತ್ತುತ್ತಿದ್ದ. ಒಬ್ಬ ನೀರಗಂಟಿ ಮಾಡುತ್ತಿದ್ದ ಕೆಲಸಕ್ಕೆ ಈಗ ಊರಿನ ಪ್ರತಿ ಓಣಿಗೂ ಒಬ್ಬ ಸದಸ್ಯ. ಎಲ್ಲರಿಗೂ ಸಂತೋಷವಾಯಿತು. ಅನ್ಯಾಯ ಹೇಳಬಾರದು, ಮಾವನ ಕಾಲದಲ್ಲಿ ಸಿಗದವರಿಗೂ ಈಗ ನೀರಿನ ಮಾತಾಡುವ ಅಧಿಕಾರ ಸಿಕ್ಕಿತು.

ನಮ್ಮ ಮನೆಯವರನ್ನು ಕಾಲುವೆ ಸಮಿತಿಗೆ ಹಾಕಿದರು. ತೂಬಿನ ಕೊಳವೆ ಬಳಿಯುವುದು ಅದರ ಕೆಲಸ. ಮೈದುನನನ್ನು ಗೇಟು ಸಮಿತಿಗೆ ಹಾಕಿದರು. ಆಪರೇಟರ್ ಬಂದಾಗ ಜೊತೆಗೆ ನಿಂತು ಗಾಲಿ ತಿರುಗಿಸುವುದು ಅದರ ಕೆಲಸ. ಗಾಲಿ ತುಕ್ಕು ಹಿಡಿದಿತ್ತು, ಒಬ್ಬರಿಂದ ತಿರುಗುತ್ತಿರಲಿಲ್ಲ. ಎರಡೂ ಸಮಿತಿಗೆ ಫೋನಿನಲ್ಲಿ ಬೇರೆ ಬೇರೆ ಗ್ರೂಪು. ಅಣ್ಣ ಒಂದರಲ್ಲಿ, ತಮ್ಮ ಒಂದರಲ್ಲಿ. ಎರಡು ಫೋನೂ ನಮ್ಮ ಪಡಸಾಲೆಯ ಒಂದೇ ಬೋರ್ಡಿಗೆ ಚಾರ್ಜಿಗೆ ನೇತಾಡುತ್ತಿದ್ದವು.

ಊಟಕ್ಕೆ ಕುಳಿತಾಗ ಅದೇ ಚೇಷ್ಟೆ.

"ಗೇಟಿನ ಸಾಹೇಬ್ರಿಗೆ ಇನ್ನೊಂದು ರೊಟ್ಟಿ ಹಾಕ," ಅನ್ನುತ್ತಿದ್ದರು ನಮ್ಮ ಮನೆಯವರು.

"ಕಾಲಿವಿ ಸಾಹೇಬ್ರ, ಆ ಶೇಂಗಾ ಚಟ್ನಿ ಈ ಕಡೆ ಸರಸ್ರಿ," ಅನ್ನುತ್ತಿದ್ದ ಮೈದುನ.

"ಅದು ನಮ್ಮ ಕಡೆ ಬರೂದಿಲ್ಲಪ. ಅರ್ಜಿ ಕೊಡು."

ನಾನೂ ನಗುತ್ತಿದ್ದೆ. "ನಮ್ಮ ಕಡೆ ಬರೂದಿಲ್ಲ" ಅನ್ನುವುದು ಸಂಘ ಬಂದ ಮೇಲೆ ಊರಿಗೆ ಬಂದ ಮಾತು. ಕಾಲುವೆ ಒಡೆದಿದೆ ಅಂದರೆ ಹಂಚಿಕೆಯವರು, ಹಂಚಿಕೆ ತಪ್ಪಿದೆ ಅಂದರೆ ಗೇಟಿನವರು, ಎಲ್ಲರೂ ಅದನ್ನೇ ಅನ್ನುತ್ತಿದ್ದರು. ಯಾರ ಮನೆಯ ಮುಂದೆಯೂ ನಿಂತು ಬೈಯುವಂತಿರಲಿಲ್ಲ.

ಆ ದಿನ ಬೆಳಿಗ್ಗೆ ಬುತ್ತಿ ಹಿಡಿದು ನಾನೂ ಅವರ ಜೊತೆ ಹೋಗಿದ್ದೆ. ಅವರು ಏರಿ ಹತ್ತಿ ಗಾಲಿಗೆ ವಸ್ತ್ರ ಕಟ್ಟಿದರು. ಕೆಳಗೆ ನಿಂತು ನಾನು ಕಣ್ಣಾರೆ ನೋಡಿದೆ. ಕೆಂಪು ಅಂಚು ಗಾಳಿಗೆ ಪಟಪಟ ಅನ್ನುತ್ತಿತ್ತು. ಇಳಿದು ಬಂದು ಕಾಲುವೆ ಗ್ರೂಪಿಗೆ ಮಾತಿನಲ್ಲೇ ಸುದ್ದಿ ಬಿಟ್ಟರು: "ತೂಬಿನಾಗ ಇಳಿಯಾಕತ್ತೇನ್ರಿ, ಬಾಯಿ ಬಿಗದೈತಿ, ಹೊತ್ತಾಗ್ತೈತಿ." ಫೋನನ್ನು ಬುತ್ತಿಯ ಗಂಟಿನೊಳಗೆ ಇಟ್ಟು, ಗಂಟನ್ನು ಹೊಂಗೆಯ ಟೊಂಗೆಗೆ ಸಿಕ್ಕಿಸಿ, ಕೆಸರು ತುಂಬುವ ಪುಟ್ಟಿ ಹಿಡಿದು ಒಳಗೆ ಹೋದರು. ನಾನು ಕೆಳಗಿನ ಗದ್ದೆಗೆ ಕಳೆ ಕೀಳಲು ಹೋದೆ.

ಕಡೆಯ ಗದ್ದೆಗಳಿಗೆ ನೀರು ಸಾಲದೆ ಕೂಗಾಟವಾಗಿತ್ತಂತೆ. ಅವತ್ತೇ ಬಾಗಿಲು ಎತ್ತಬೇಕೆಂದು ಕಾರ್ಯದರ್ಶಿ ಗೇಟು ಗ್ರೂಪಿಗೆ ಬರೆದರು. ಕಾಲುವೆ ಗ್ರೂಪಿನಲ್ಲೂ ಅವರಿದ್ದರು. ಅಲ್ಲಿಯ ಸುದ್ದಿ ಕೇಳಲಿಲ್ಲ.

ಮಧ್ಯಾಹ್ನ ಕಾಲುವೆಯಲ್ಲಿ ನೀರು ಬಂತು. "ನೀರ ಬಂತಲೇ ಯವ್ವಾ!" ಅಂತ ಹೆಂಗಸರು ನಕ್ಕರು. ನೊರೆ, ಕೆಸರು, ಹಸಿ ಬೇರು. ಅದರ ಹಿಂದೆ ಪುಟ್ಟಿ ಮಗುಚಿಕೊಂಡು ಬಂತು.

ನಾನು ಏರಿ ಹತ್ತುವಷ್ಟರಲ್ಲಿ ಐದಾರು ಜನ ಸೇರಿದ್ದರು. ಬಾಗಿಲು ಎತ್ತಿ, ಸರಪಳಿ ಹಾಕಿ, ಕೀಲಿ ಜಡಿದು ಆಪರೇಟರ್ ಮುಂದಿನ ಕೆರೆಗೆ ಹೋಗಿಬಿಟ್ಟಿದ್ದ. ಕೀಲಿ ಒಡೆಯದೆ ಗಾಲಿ ತಿರುಗುವುದಿಲ್ಲ. ಗಾಲಿ ತಿರುಗದೆ ನೀರು ನಿಲ್ಲುವುದಿಲ್ಲ. ಒಳಗೆ ಮನುಷ್ಯ ಇದ್ದಾನೆ. ಮೈದುನ ಕೈಯಲ್ಲಿ ದೊಡ್ಡ ಕಲ್ಲು ಹಿಡಿದು ನಿಂತಿದ್ದ.

"ಒಡೀರಿ! ಏನ್ ನೋಡ್ತೀರಿ?" ಅಂದೆ.

"ಇಲಾಖೆ ಕೀಲಿ ಐತವಾ ಅದು."

"ಒಡದ್ರ ನಾಳೆ ಕೇಸ್ ಯಾರ ಮ್ಯಾಲೆ ಆಗ್ತೈತಿ?"

"ಅಧ್ಯಕ್ಷರಿಗೊಂದು ಮಾತು ಕೇಳ್ರಿ ಮೊದಲ."

"ಅವ್ರು ಶಿಗ್ಗಾವಿಗೆ ಮದವಿಗೆ ಹೋಗ್ಯಾರ. ಫೋನ್ ಎತ್ತವಲ್ರು."

"ಹಂಗಾದ್ರ ಕಾರ್ಯದರ್ಶಿ?"

"ಗೇಟ್ ಸಮಿತಿ ಠರಾವು ಬೇಕಂತಾರ."

ಇದು ನಾನು ಕಟ್ಟಿದ ಮಾತಲ್ಲ. ಕಾಲ ಕೆಳಗೆ ಕೊಳವೆ ಗುಡುಗುತ್ತಿರುವಾಗ ಒಬ್ಬ ಗಂಡಸು ಠರಾವು ಅಂದ. ಮೈದುನ ಇನ್ನೊಂದು ಕೈಯಲ್ಲಿ ಫೋನು ಹಿಡಿದು, "ಒಡೀಲೇನ್ರಿ? ಒಡೀಲೇನ್ರಿ?" ಎಂದು ಯಾರನ್ನೋ ಕೇಳುತ್ತಲೇ ಇದ್ದ. ಅವನ ಕೈಯಿಂದ ಕಲ್ಲು ಕಸಿದುಕೊಂಡು ನಾನೇ ಹೊಡೆದೆ. ಕೀಲಿ ಜಜ್ಜಿತು, ಬಿಚ್ಚಲಿಲ್ಲ. ನನ್ನ ಉಗುರು ಹಾರಿಹೋಯಿತು. ಒಬ್ಬರೂ ಇನ್ನೊಂದು ಕಲ್ಲು ಎತ್ತಲಿಲ್ಲ. ಆಪರೇಟರ್ ವಾಪಸು ಬಂದು, ಜಜ್ಜಿದ ಕೀಲಿಯನ್ನು ನೋಡಿ, "ಇದನ್ನ ಯಾರ್ರೀ ಹಾಳ ಮಾಡಿದವ್ರು?" ಎಂದು ಮೊದಲು ಅದನ್ನೇ ಕೇಳಿದ. ಎಲ್ಲರೂ ನನ್ನ ಕಡೆ ಬೆರಳು ಮಾಡಿದರು. ಅಷ್ಟು ಬೇಗ, ಅಷ್ಟು ಸರಿಯಾಗಿ ಆ ಸಂಘ ಯಾವ ಪ್ರಶ್ನೆಗೂ ಉತ್ತರ ಕೊಟ್ಟದ್ದನ್ನು ನಾನು ಮತ್ತೆ ಕಾಣಲಿಲ್ಲ.

ಹೆಣ ತೆಗೆದ ಮೇಲೆಯೇ ನನ್ನ ಕಣ್ಣಿಗೆ ವಸ್ತ್ರ ಬಿತ್ತು. ಕಟ್ಟೆಯ ಮೂಲೆಯಲ್ಲಿ, ಕಲ್ಲಿನ ಕೆಳಗೆ.

ಹಾನಗಲ್ಲ ಆಸ್ಪತ್ರೆಯ ಅಂಗಳದಲ್ಲಿ, ಹೆಣ ಒಳಗೆ ಇರುವಾಗಲೇ, ಮಾತು ಕೈಯಿಂದ ಕೈಗೆ ದಾಟಿತು. ಆಪರೇಟರ್ ಅಂದ, "ನನಗ ಎತ್ತು ಅಂದ್ರು, ಎತ್ತಿದೆ. ಗಾಲಿ ಮ್ಯಾಲಿನ ಅರಿವಿ ನೋಡೂದು ನಮ್ಮ ಕಡೆ ಬರೂದಿಲ್ರಿ. ಸಂಘದವ್ರು ಇದ್ರು." ಸಂಘದವರು ಯಾರು ಅಂದರೆ, "ನಾ ಈ ಊರಾಂವ ಅಲ್ಲ, ಹೆಸರ ಗೊತ್ತಿಲ್ಲ." ಕಾರ್ಯದರ್ಶಿ ಅಂದರು, "ನಾ ಬರದೆ, ನಿಜ. ಎತ್ತೂ ಮುಂದ ನೋಡೂದು ಗೇಟ್ ಸಮಿತಿದು." ಗೇಟು ಸಮಿತಿಯವರು, "ಒಳಗ ಮನಷ್ಯಾ ಅದಾನ ಅಂತ ತಿಳಸೂದು ಕಾಲಿವಿ ಸಮಿತಿದು," ಅಂದರು. ಕಾಲುವೆಯವರು, "ಅಂವ ನಮ್ಮ ಗ್ರೂಪಿನಾಗ ಹೇಳ್ಯಾನ, ನಾವು ಕೇಳೇವಿ, ನಮ್ಮ ಕೆಲಸ ಮುಗೀತು," ಅಂದರು. ಸುಳ್ಳು ಹೇಳಿದವರು ಅವರಲ್ಲಿ ಯಾರೂ ಇರಲಿಲ್ಲ. ಅದೇ ನನಗೆ ತಡೆಯದಾದದ್ದು. ಎಲ್ಲರ ಮಾತೂ ಅವರವರ ಅಳತೆಗೆ ಸರಿಯಾಗಿತ್ತು. ಹೆಣ ಮಾತ್ರ ಯಾರ ಅಳತೆಗೂ ಸೇರಲಿಲ್ಲ.

"ನೀ ಎಲ್ಲಿದ್ದಿ?" ಎಂದು ಮೈದುನನನ್ನು ಕೇಳಿದೆ. "ನಾ ಹೊಲದಾಗ ಇದ್ದೆ ವೈನಿ. ಗದ್ಲ ಕೇಳಿ ಬಂದೆ," ಅಂದ. ನನ್ನ ಕೈಯ ರೊಟ್ಟಿ ತಿಂದು ಬೆಳೆದವನು. ನಂಬಿದೆ. ಅಣ್ಣನಿಗೆ ಹೆಗಲು ಕೊಟ್ಟವರಲ್ಲಿ ಅವನೇ ಮುಂದಿನವನು.

ಸತ್ತವರ ದಿವಸದ ಊಟಕ್ಕೆ ಸಂಘದವರೆಲ್ಲ ಬಂದರು. ಗೋಧಿ ಹುಗ್ಗಿ ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಒಬ್ಬರು ಪಕ್ಕದವರಿಗೆ ಹೇಳುತ್ತಿದ್ದರು, "ಏನ ಅನ್ರಿ, ಅವತ್ತ ನೀರ ಬಂದಿದ್ದು ಚಲೋ ಆತು. ಕಡೀ ಗದ್ದಿ ಉಳದ್ವು." ಪಕ್ಕದವರು ಕೆಮ್ಮಿದರು. ಮಾತಾಡುತ್ತಿದ್ದವರು ನನ್ನನ್ನು ನೋಡಿ, "ತುಪ್ಪ ಸಾಕವಾ," ಅಂದರು.

ಆಮೇಲೆ ಸಭೆ ಕೂಡಿತು. ನನ್ನನ್ನು ಬಾಗಿಲ ಹತ್ತಿರ ಕೂರಿಸಿದರು. ವಸ್ತ್ರ ಮಡಚಿದ ಸ್ಥಿತಿಯಲ್ಲಿ ಸಿಕ್ಕಿದ್ದರಿಂದ ಅದನ್ನು ಗಾಲಿಗೆ ಕಟ್ಟಿರಲೇ ಇಲ್ಲ, ಮೃತರು ತಮ್ಮ ಅಜಾಗರೂಕತೆಯಿಂದ ತೀರಿಕೊಂಡರು ಎಂದು ಠರಾವು ಓದಿದರು.

"ಕಟ್ಟಿದ್ದು ನಾ ನೋಡೇನ್ರಿ," ಅಂದೆ.

"ಗಂಡನ ಪರವಾಗಿ ಹೆಂಡ್ತಿ ಮತ್ತೇನ ಹೇಳ್ಯಾಳವಾ?" ಅಂದರು ಅಧ್ಯಕ್ಷರು, ಬಹಳ ಮೃದುವಾಗಿ. "ಹೋದವ್ನ ಮ್ಯಾಲ ಹಾಕಿದ್ರ ಅವನಿಗೇನೂ ಆಗೂದಿಲ್ಲ. ಇದ್ದವ್ರ ಮ್ಯಾಲ ಹಾಕಿದ್ರ ಒಬ್ಬಾಂವ ಜೇಲಿಗೆ ಹೋಗ್ತಾನ. ನೀನಽ ವಿಚಾರ ಮಾಡು."

ಕೈಗಳು ಎದ್ದವು. ಯಾರು ಎತ್ತಿದರು, ಯಾರು ಬಿಟ್ಟರು ನಾನು ನೋಡಲಿಲ್ಲ. ತಲೆ ಕೆಳಗಿತ್ತು. ಆ ಮನುಷ್ಯ ಒಂದು ಸಲವೂ ವಸ್ತ್ರ ಕಟ್ಟದೆ ಇಳಿದವರಲ್ಲ. ಮನೆಯ ನೀರಿನ ತೊಟ್ಟಿ ತೊಳೆಯಲು ಇಳಿದರೂ ನಳದ ಕೊರಳಿಗೆ ವಸ್ತ್ರ ಕಟ್ಟುತ್ತಿದ್ದರು, ನಾನು ನಗುತ್ತಿದ್ದೆ.

ವರ್ಷ ತಿರುಗಿತು. ಭತ್ತ ಹೊಡೆ ಬರುವ ಹೊತ್ತಿಗೆ ಮಳೆ ಕೈಕೊಟ್ಟಿತು. ಬಾಗಿಲು ಎತ್ತುವ ದಿನ ಗೊತ್ತಾಯಿತು. ಅವತ್ತು ಬೆಳಿಗ್ಗೆ ನಾನು ಅದೇ ವಸ್ತ್ರ ತೆಗೆದುಕೊಂಡು ಹೋಗಿ ಗಾಲಿಗೆ ಗಂಟು ಹಾಕಿ, ಗಾಲಿಗೆ ಬೆನ್ನು ಕೊಟ್ಟು ಕುಳಿತೆ.

ಮೊದಲು ಬಂದದ್ದು ಆಪರೇಟರ್. ನೋಡಿದ, ಬೈಕಿನ ಮೇಲೆಯೇ ಕುಳಿತ. ಆಮೇಲೆ ಮೈದುನ, ಆಮೇಲೆ ಸಂಘ, ಆಮೇಲೆ ಗದ್ದೆಯವರೆಲ್ಲ.

"ಯಾರ ಇಳದಾರವಾ ಒಳಗ?" ಎಂದು ಒಬ್ಬ ಮುದುಕ ಕೇಳಿದ. ಕೆಳಗಿನ ಕಡೆಯ ಗದ್ದೆಯವನು.

"ನಮ್ಮ ಮನಿಯವ್ರು," ಅಂದೆ.

ಹೆಂಗಸರಲ್ಲಿ ಒಬ್ಬಳು, "ತಲಿ ಕೆಟ್ಟೈತಿ ಅಕೀದು," ಅಂದಳು. "ಎಳದ ಒಗೀರಿ," ಎಂದು ಹಿಂದಿನಿಂದ ಯಾರೋ ಅಂದರು. ಆದರೆ ಮುಂದೆ ಯಾರೂ ಬರಲಿಲ್ಲ. ಒಮ್ಮೆ ಬಿಚ್ಚಿದ ಮೇಲೆ ಏನಾಯಿತೆಂದು ಎಲ್ಲರೂ ನೋಡಿದ್ದರು. ಅವತ್ತು ಕಟ್ಟಿರಲೇ ಇಲ್ಲ ಎಂದು ಕೈ ಎತ್ತಿದವರೇ ಇವತ್ತು ಗಂಟಿಗೆ ಹೆದರಿ ನಿಂತಿದ್ದರು.

"ಅವತ್ತ ಬಿಚ್ಚಿ ಮಡಚಿದವ್ರು ಯಾರು ಹೇಳ್ರಿ. ನಾನಽ ಬಿಚ್ಚತೇನಿ," ಅಂದೆ. "ಕೇಸಿಲ್ಲ, ಪೊಲೀಸಿಲ್ಲ. ಮಾವನ ಆಣಿ. ಕಟ್ಟಿತ್ತು, ನಾ ಬಿಚ್ಚಿದೆ ಅಂತ ಇವ್ರೆಲ್ಲಾರ ಮುಂದ ಒಂದು ಮಾತು ಬೇಕು."

ಬಿಸಿಲೇರಿತು. ಅಧ್ಯಕ್ಷರು ಮುಂದೆ ಬಂದರು. "ಸಂಘದ ಪರವಾಗಿ ನಾ ಒಪ್ಕೋತೇನಿ. ಆತಿಲ್ಲೋ?"

"ಪರವಾಗಿ ಬ್ಯಾಡ್ರಿ. ಸಂಘಕ್ಕ ಕೈ ಇರೂದಿಲ್ಲ."

ಆಗ ಆ ಮುದುಕ ಮುಂದೆ ಬಂದ. "ನಾನಽ ಬಿಚ್ಚೇನಿ ತಿಳಕೊ. ಬಿಡವಾ, ಗದ್ದಿ ಸಾಯಾಕತ್ತಾವ." ನಮ್ಮ ಮನೆಯವರು ಸತ್ತ ದಿನ ಅವನು ಮೊಮ್ಮಗನನ್ನು ಕರೆದುಕೊಂಡು ಹುಲಗೂರಿನ ದರ್ಗಾಕ್ಕೆ ಹರಕೆಯ ಸಕ್ಕರೆ ಓದಿಸಲು ಹೋಗಿದ್ದ. ನನಗೂ ಗೊತ್ತು, ಅವನಿಗೂ ಗೊತ್ತು.

ಅವನ ಹಿಂದೆ ಇನ್ನೊಬ್ಬ, "ನಾನೂ ಬಿಚ್ಚೇನಿ, ಬರ್ಕೊ," ಅಂದ. ಮತ್ತೊಬ್ಬ, "ನಾ ಬಿಚ್ಚಿದೆ, ಅಂವ ಮಡಚಿದ." ಕೆಲವರು ನಕ್ಕರು. "ಅಂಚ ಕೂಡಸಿದಾಂವ ನಾ!" "ಕಲ್ಲ ಇಟ್ಟಾಂವ ನಾ!" ಕಾರ್ಯದರ್ಶಿಯೂ, "ನಂದೂ ಒಂದು ಇರಲಿ," ಅಂದರು. ಒಂದು ವರ್ಷ ಯಾರ ಬಾಯಿಂದಲೂ ಬರದ ಮಾತು, ಗದ್ದೆ ಒಣಗುವಾಗ ಎಲ್ಲರ ಬಾಯಿಂದಲೂ ಬಂತು. ನನ್ನ ಗಂಡನನ್ನು ಕೊಂದದ್ದು ತಾನೇ ಎಂದು ಊರಿಗೆ ಊರೇ ನಗುನಗುತ್ತ ಹೇಳಿತು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಹೇಳಿದರು. ಹೇಳದೆ ನಿಂತವನು ಒಬ್ಬನೇ.

ಮೈದುನ ನನ್ನನ್ನು ನೋಡುತ್ತಿರಲಿಲ್ಲ. ಗಾಲಿಯ ಗಂಟನ್ನು ನೋಡುತ್ತಿದ್ದ. ಸುಳ್ಳಾಗಿ ಹೇಳುವುದು ಅವರೆಲ್ಲರಿಗೂ ಸುಲಭ. ಅವನಿಗೆ ಸುಳ್ಳಾಗಿ ಹೇಳಲು ಬರುತ್ತಿರಲಿಲ್ಲ.

ನಾನು ಎದ್ದು ಗಂಟು ಬಿಚ್ಚಿದೆ. ವಸ್ತ್ರವನ್ನು ಅವನ ಮುಂದೆ ಹಿಡಿದೆ. "ಮಡಚು," ಅಂದೆ.

ಅವನು ಮುಟ್ಟಲಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಒಯ್ದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕುಳಿತ. "ಬಿಚ್ಚು ಅಂದ್ರು ವೈನಿ," ಅಂದ. "ಆಪರೇಟರ್ ಹೊತ್ತಾತು ಅಂದ, ಫೋನಿನಾಗ ಎತ್ತು ಅಂದ್ರು. ಅಣ್ಣ ಅಪ್ಪನಂಗ ಮರತು ಉಣ್ಣಾಕ ಹೋಗ್ಯಾನ ಅನಕೊಂಡೆ. ಅದಕ್ಕ ಮಡಚಿ ಇಟ್ಟೆ. ಹೊಲಸ ಆಗಬಾರ್ದು ಅಂತ."

"ಆ ಕಡೆ ಇಳದು ನೋಡಬೇಕಿತ್ತಲ್ಲೋ?"

"ಆ ಕಡೆ ಕಾಲಿವಿಯವ್ರದು," ಅಂದ. ಅಂದ ಮೇಲೆ ತನ್ನ ಮಾತು ತಾನೇ ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡ.

ಇಷ್ಟಾದರೂ ಯಾರಾದರೂ ಏನಾದರೂ ಅಂದಾರು ಎಂದು ನಾನು ನಿಂತಿದ್ದೆ. ಠರಾವು ತಪ್ಪಾಯಿತು ಅಂದಾರು. ಅವನು ಕಟ್ಟಿದ್ದನಪ್ಪ ಎಂದು ಒಬ್ಬರಾದರೂ ಅಂದಾರು. ಅಧ್ಯಕ್ಷರು ದೊಡ್ಡ ಉಸಿರು ಬಿಟ್ಟರು. ಎದೆಯ ಮೇಲಿನ ಭಾರ ಇಳಿದಂತಿತ್ತು ಅವರ ಮುಖ.

"ಹಂಗಾದ್ರ ಇದು ನಿಮ್ಮ ಮನೀ ಮಾತಾತು," ಅಂದರು. "ಅಣ್ಣ ತಮ್ಮಂದು. ಸಂಘಕ್ಕ ಸಂಬಂಧಿಲ್ಲ. ಮನ್ಯಾಗ ಕುಂತು ಮುಗಸ್ಕೋರಿ. ಏ, ಎತ್ತಪಾ ಗೇಟ್!"

ಆಪರೇಟರ್ ಕೀಲಿ ತೆಗೆದ. ಅದು ಹೊಸ ಕೀಲಿ. ಮೈದುನ ಕುಳಿತಿದ್ದರಿಂದ ಕಡೆಯ ಗದ್ದೆಯ ಆ ಮುದುಕನೇ ಗಾಲಿಗೆ ಕೈ ಕೊಟ್ಟ. ಕೊಳವೆ ಕೆಮ್ಮಿತು, ನೊರೆ ಬಂತು, ಕೆಸರು ಬಂತು, ಆಮೇಲೆ ತಿಳಿ ನೀರು ಬಂತು. ಜನ ಅದರ ಹಿಂದೆಯೇ ಏರಿ ಇಳಿದು ಓಡಿದರು. ಕಟ್ಟೆಯ ಮೇಲೆ ನಾವಿಬ್ಬರೇ ಉಳಿದೆವು.

ನಾನು ವಸ್ತ್ರವನ್ನು ಮಡಚದೆ ಹೆಗಲ ಮೇಲೆ ಹಾಕಿಕೊಂಡು ಇಳಿಯತೊಡಗಿದೆ. ಹಿಂದಿನಿಂದ ಅವನು ಕೂಗಿದ.

"ವೈನಿ, ನಾ ಮನಿಗೆ ಬರ್ಲೇನ?"

"ಅದು ನನ್ನ ಕಡೆ ಬರೂದಿಲ್ಲಪಾ," ಅಂದೆ.

ಆ ಮಾತು ಬಾಯಲ್ಲಿ ಇಷ್ಟು ಹಗುರಾಗಿರುತ್ತದೆ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.